ತೇರಿನ ಹಗ್ಗ, ರೇಸ್ ಕಾರಿನ ಗಾಲಿ



ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ. ಓದಿದ ಮೇಲೆ ಬೈಯೋದಿದ್ರೆ ಇಲ್ಲೇ ಎಲ್ಲರ ಎದುರಿಗೆ ಬೈರಿ, ಇನ್‌ಬಾಕ್ಸಿಗೆ ಬರಬೇಡಿ.

ನಮ್ಮೂರ ಜಾತ್ರೆಗೆ ಇನ್ನು ಮೂರು ವಾರ ಇದೆ. ಈ ಸಲ ನಮ್ಮ ಹಟ್ಟಿಯ ಹುಡುಗರು "ನಾವೂ ತೇರಿನ ಹಗ್ಗ ಹಿಡೀತೀವಿ" ಅಂತ ಅರ್ಜಿ ಕೊಟ್ಟಿದ್ದಾರೆ. ಊರಿನ ಹೆಸರು, ತಾಲ್ಲೂಕಿನ ಹೆಸರು ಬರೆಯಲ್ಲ, ಕಾರಣ ನಿಮಗೆಲ್ಲ ಗೊತ್ತು. ಅರ್ಜಿ ಬರೆಯೋ ರಾತ್ರಿ ಅಂಬೇಡ್ಕರ್ ಭವನದಲ್ಲಿ ಕೂತಿದ್ವಿ. ಆ ಹುಡುಗರಲ್ಲಿ ಇಬ್ಬರು ಫಾರ್ಮುಲಾ ಒನ್ ಹುಚ್ಚರು. ಮೊಬೈಲಲ್ಲೇ ರೇಸ್ ನೋಡಿ, ಯಾವ ಕಾರಿಗೆ ಯಾವ ಟೈರು ಅಂತ ಬಾಯಿಪಾಠ ಹೇಳ್ತಾರೆ. ಅದರಲ್ಲೊಬ್ಬ, "ಅಣ್ಣ, ತೇರೂ ಒಂದು ರೇಸ್ ಕಾರೇ ಅಲ್ವಾ? ಅದು ಗಂಟೆಗೆ ಮುನ್ನೂರು ಕಿಲೋಮೀಟರ್ ಹೋಗುತ್ತೆ, ಇದು ಮುನ್ನೂರು ಅಡಿ ಹೋಗುತ್ತೆ ಅಷ್ಟೆ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಆ ಮಾತು ನನ್ನ ತಲೆಯಿಂದ ಇಳಿಯಲೇ ಇಲ್ಲ. ಅವತ್ತಿಂದ ಯೋಚನೆ ಮಾಡಿದ್ದನ್ನ ಇಲ್ಲಿ ಹಂಚಿಕೊಳ್ತಿದ್ದೀನಿ.

ಹುಡುಗ ಹೇಳಿದ್ದು ತಮಾಷೆಗಾದ್ರೂ ಸುಳ್ಳಲ್ಲ. ಎರಡೂ ಗಾಲಿಯ ಹಬ್ಬಗಳೇ. ಎರಡೂ ಎಲ್ಲಿಗೂ ಹೋಗಲ್ಲ. ಮೊನಾಕೋದಲ್ಲಿ ಊರ ಬೀದಿಯಲ್ಲೇ 78 ಸುತ್ತು ಹೊಡೆದು, ಹೊರಟ ಜಾಗಕ್ಕೇ ಬಂದು ನಿಲ್ತಾರೆ. ತೇರು ದೇವಸ್ಥಾನದ ಮುಂದಿಂದ ಹೊರಟು, ತೇರುಬೀದಿ ಮುಗಿಸಿ, ಮತ್ತೆ ದೇವಸ್ಥಾನದ ಮುಂದೆಯೇ ಬಂದು ನಿಲ್ಲುತ್ತೆ. ಅಲ್ಲಿ ಗೆದ್ದವನ ಮೇಲೆ ಶಾಂಪೇನ್ ಚಿಮ್ಮಿಸ್ತಾರೆ, ಇಲ್ಲಿ ತೇರಿನ ಮೇಲೆ ಬಾಳೆಹಣ್ಣು ದವನ ಎಸೀತಾರೆ. ಅಲ್ಲಿ ಕಾರಿನ ಮೈತುಂಬ ಕಂಪನಿಗಳ ಹೆಸರು. ಇಲ್ಲಿ ತೇರಿನ ಮೈತುಂಬ ಬಾವುಟ. ಆ ಬಾವುಟಕ್ಕೂ ದುಡ್ಡಿನ ಲೆಕ್ಕ ಇದೆ. ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಜಾತ್ರೆಯಲ್ಲಿ ಮುಕ್ತಿ ಬಾವುಟದ ಹರಾಜು ಲಕ್ಷಗಟ್ಟಲೆಗೆ ಹೋಗೋದನ್ನ ಪೇಪರಿನಲ್ಲಿ ಪ್ರತಿವರ್ಷ ಓದ್ತೀವಿ. ಮೇಲೆ ಕೂತವರು ಒಬ್ಬರೋ ಇಬ್ಬರೋ, ಸುತ್ತ ಬೆವರು ಸುರಿಸೋರು ನೂರಾರು ಜನ. ಇದೂ ಎರಡರಲ್ಲೂ ಒಂದೇ.

ವ್ಯತ್ಯಾಸ ಕಾಣಬೇಕಂದ್ರೆ ಮೇಲೆ ಕೂತವರನ್ನ ಬಿಟ್ಟು ಗಾಲಿ ಹತ್ತಿರ ಬರಬೇಕು.

ರೇಸಿನಲ್ಲಿ ಕಾರು ಟೈರು ಬದಲಿಸೋಕೆ ಪಿಟ್‌ಗೆ ಬರುತ್ತೆ. ಸುಮಾರು ಇಪ್ಪತ್ತು ಜನ ಮುತ್ತಿಕೊಳ್ತಾರೆ. ಒಂದೊಂದು ಗಾಲಿಗೆ ಮೂವರು. ಒಬ್ಬ ನಟ್ಟು ಬಿಚ್ಚೋನು, ಒಬ್ಬ ಹಳೇದು ಎಳೆಯೋನು, ಒಬ್ಬ ಹೊಸದು ಕೂರಿಸೋನು. ಮುಂದೊಬ್ಬ ಹಿಂದೊಬ್ಬ ಜಾಕ್ ಕೊಡೋರು. ಎರಡು ಎರಡೂವರೆ ಸೆಕೆಂಡಿನಲ್ಲಿ ನಾಲ್ಕೂ ಗಾಲಿ ಬದಲಾಗಿ ಕಾರು ಹೊರಟೇ ಹೋಗಿರುತ್ತೆ. ಆ ಇಪ್ಪತ್ತೂ ಜನಕ್ಕೆ ಸಂಬಳ ಇದೆ, ಬೆಂಕಿ ತಾಗದ ಬಟ್ಟೆ ಇದೆ, ಹೆಲ್ಮೆಟ್ ಇದೆ. ಡ್ರೈವರ್ ಗೆದ್ದ ಮೇಲೆ ಓಡಿ ಬಂದು ಅವರನ್ನೇ ತಬ್ಬಿಕೊಳ್ತಾನೆ.

ತೇರಿನ ಗಾಲಿಗೂ ಪಿಟ್‌ನವರಿದ್ದಾರೆ. ತೇರು ಅಡ್ಡ ಹೋಗದಂಗೆ, ಇಳಿಜಾರಲ್ಲಿ ಉರುಳಿ ಬರದಂಗೆ, ಓಡೋ ಗಾಲಿಯ ಬುಡಕ್ಕೆ ಮರದ ತುಂಡು ಕೊಡೋರು. ಬರಿಗಾಲು, ಬರಿಗೈ. ಒಂದು ಗೇಣು ತಪ್ಪಿದ್ರೆ ಕಾಲೇ ಹೋಯ್ತು. ಇವರ ಹೆಸರು ಜಾತ್ರೆಯ ಕರಪತ್ರದಲ್ಲಿ ಇರಲ್ಲ. ಕರಪತ್ರದ ತುಂಬ ಸೇವಾಕರ್ತರು, ಗಣ್ಯರು, ಅವರ ಫೋಟೋಗಳು.

ಇವರಿಗಿಂತ ಇನ್ನೂ ಮುಂದೆ, ತೇರಿಗಿಂತ ಮಾರುಗಟ್ಟಲೆ ದೂರದಲ್ಲಿ ನಮ್ಮಪ್ಪ ಇರ್ತಿದ್ದ. ಹೆಗಲಿಗೆ ತಮಟೆ. ಮೂವತ್ತು ವರ್ಷ ಆ ತೇರಿನ ಮುಂದೆ ತಮಟೆ ಬಡಿದಿದ್ದಾನೆ. ರೇಸ್ ಶುರುವಾಗೋಕೆ ಐದು ಕೆಂಪು ದೀಪ ಆರಬೇಕು. ನಮ್ಮೂರ ತೇರು ಕದಲೋಕೆ ತಮಟೆಯ ಪೆಟ್ಟು ಬದಲಾಗಬೇಕು. ತೇರು ಎಲ್ಲಾದ್ರೂ ಸಿಕ್ಕಿಹಾಕ್ಕೊಂಡು ನಿಂತ್ರೆ, "ಜೋರಾಗಿ ಬಡೀರೋ" ಅಂತ ಕೂಗ್ತಿದ್ರು. ಅಪ್ಪ, ದೊಡ್ಡಪ್ಪ, ಇನ್ನಿಬ್ಬರು ಸೇರಿ ಬಡಿಯೋರು. ಆ ಸದ್ದಿಗೆ ಹಗ್ಗ ಹಿಡಿದವರ ತೋಳಿಗೆ ಹುರುಪು ಬಂದು ತೇರು ಹೊರಡೋದು. ಅಂದ್ರೆ ಆ ತೇರಿನ ಇಂಜಿನ್ನೇ ನಮ್ಮಪ್ಪ. ಆದ್ರೆ ಇಂಜಿನ್ನಿಗೆ ಗಾಡಿ ಮುಟ್ಟೋ ಹಕ್ಕಿಲ್ಲ. ತಮಟೆಯ ಸದ್ದು ತೇರಿಗೆ ತಾಗಬಹುದು, ತಮಟೆ ಹಿಡಿದ ಕೈ ತಾಗಂಗಿಲ್ಲ.

ಹಿಂದಿನ ದಿನ ನಮ್ಮವ್ವ, ಚಿಕ್ಕವ್ವಂದಿರು ಸೇರಿ ತೇರುಬೀದಿ ಪೂರ್ತಿ ಗುಡಿಸೋರು. ಮಾರನೇ ದಿನ ಎಂಜಲೆಲೆ ಎತ್ತೋರೂ ಅವರೇ. ಊರೆಲ್ಲ ಉಂಡ ಮೇಲೆ ಹಿತ್ತಲ ಕಡೆ ಕೂರಿಸಿ ಇಕ್ಕಿದ ಊಟ, ಒಂದಷ್ಟು ರಾಗಿ, ಇಷ್ಟೇ ಕೂಲಿ. ರೇಸ್ ಟ್ರ್ಯಾಕಿನ ಪಕ್ಕ ಬಾವುಟ ಹಿಡಿದು ನಿಲ್ಲೋ ಮಾರ್ಷಲ್‌ಗಳೂ ಬಹುತೇಕ ಸಂಬಳ ಇಲ್ಲದ ಸ್ವಯಂಸೇವಕರೇ. ಆದರೆ ಅವರು ಇಷ್ಟಪಟ್ಟು ಅರ್ಜಿ ಹಾಕಿ ಬಂದೋರು, ಮುಂದಿನ ವರ್ಷ ಬರಲ್ಲ ಅಂದ್ರೆ ಅವರ ಮನೆ ನಲ್ಲಿ ಯಾರೂ ಕಟ್ ಮಾಡಲ್ಲ. ನಮ್ಮಪ್ಪ ಬರಲ್ಲ ಅನ್ನೋಂಗಿರಲಿಲ್ಲ. ಮನಸ್ಸಿದ್ದು ಮಾಡೋದು ಸೇವೆ. ಬರಲ್ಲ ಅನ್ನೋಕೆ ಆಗದಿದ್ರೆ ಅದು ಬಿಟ್ಟಿ ಚಾಕರಿ. ಅದಕ್ಕೆ ಹೂವು ಮುಡಿಸಿ ಸಂಪ್ರದಾಯ ಅಂತ ಹೆಸರಿಟ್ಟರೂ ಅದು ಚಾಕರಿಯೇ.

ಇನ್ನೊಂದು ವಿಷಯ. ಗಾಲಿಯ ಆಟ ಅಂದ ಮೇಲೆ ಸಾವು ಇದ್ದೇ ಇದೆ. 1994ರಲ್ಲಿ ಇಟಲಿಯ ಇಮೋಲಾದಲ್ಲಿ ಎರಡೇ ದಿನದಲ್ಲಿ ಇಬ್ಬರು ಡ್ರೈವರ್‌ಗಳು ಸತ್ತರು, ಮೊದಲು ರಾಟ್ಜೆನ್‌ಬರ್ಗರ್, ಮಾರನೇ ದಿನ ಸೆನ್ನಾ. ಆಮೇಲೆ ಟ್ರ್ಯಾಕ್ ಬದಲಾದವು, ಕಾರು ಬದಲಾದವು. 2014ರಲ್ಲಿ ಜಪಾನಿನ ಸುಝುಕಾದಲ್ಲಿ ಬಿಯಾಂಕಿ ಅನ್ನೋ ಹುಡುಗನ ತಲೆಗೆ ಪೆಟ್ಟಾಗಿ ಮಾರನೇ ವರ್ಷ ತೀರಿಹೋದ. 2018ರಿಂದ ಪ್ರತಿ ಕಾರಿಗೂ ಡ್ರೈವರ್ ತಲೆಯ ಸುತ್ತ ಹೇಲೋ ಅನ್ನೋ ಲೋಹದ ಕಮಾನು ಕಡ್ಡಾಯ ಮಾಡಿದ್ರು. 2020ರಲ್ಲಿ ಬಹ್ರೇನಿನಲ್ಲಿ ಗ್ರೋಜಾನ್‌ನ ಕಾರು ತಡೆಗೋಡೆ ಸೀಳಿಕೊಂಡು ಎರಡು ತುಂಡಾಗಿ ಧಗಧಗ ಉರೀತು. ಆ ಮನುಷ್ಯ ಬೆಂಕಿಯೊಳಗಿಂದ ಎದ್ದು ನಡೆದು ಬಂದ. ಆ ಕಮಾನು ಅವನ ತಲೆ ಉಳಿಸಿತ್ತು.

ಶ್ರೀಮಂತರ ಆಟ ಅಂತ ಎಷ್ಟೇ ಬೈದ್ರೂ ಒಂದು ಮಾತು ಒಪ್ಪಲೇಬೇಕು. ಅಲ್ಲಿ ಒಂದು ಜೀವ ಹೋದ್ರೆ ನಿಯಮದ ಪುಸ್ತಕ ತೆಗೀತಾರೆ. ಇಲ್ಲಿ ತೇರಿನಡಿ ಜೀವ ಹೋದ್ರೆ ಪಂಚಾಂಗ ತೆಗೀತಾರೆ. ಯಾರು ಮೈಲಿಗೆ ಮಾಡಿದ್ರು, ಯಾವ ಪೂಜೆ ತಪ್ಪಿತು ಅಂತ ಹುಡುಕ್ತಾರೆ. 2022ರ ಏಪ್ರಿಲ್‌ನಲ್ಲಿ ತಮಿಳುನಾಡಿನ ತಂಜಾವೂರಿನ ಹತ್ತಿರ ತೇರು ವಿದ್ಯುತ್ ತಂತಿಗೆ ತಾಗಿ 11 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ತಂತಿಗೆ ಭಕ್ತಿ ಗೊತ್ತಾಗಲ್ಲ. ಅಲ್ಲಿ ಬೇಕಾಗಿದ್ದು ಲೈನ್ ಆಫ್ ಮಾಡೋ ಒಂದು ಕೈ.

ನಮ್ಮ ಜನದ ಸಾವಿನ ವಿಷಯಕ್ಕೆ ಬಂದ್ರೆ ಪಂಚಾಂಗವೂ ಇಲ್ಲ, ಪುಸ್ತಕವೂ ಇಲ್ಲ. ಮ್ಯಾನ್‌ಹೋಲಿಗೆ ಮನುಷ್ಯರನ್ನ ಇಳಿಸಬಾರದು ಅಂತ 2013ರ ಕಾನೂನಿದೆ. 2014ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಸಾವಿಗೆ 10 ಲಕ್ಷ ಪರಿಹಾರ ಅಂದಿತು. 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಬೇಕಾದ್ದೇ. ಆದರೆ ಒಂಬತ್ತು ವರ್ಷದಲ್ಲಿ ಏರಬೇಕಿದ್ದದ್ದು ಮಷೀನುಗಳ ಲೆಕ್ಕ. ಒಬ್ಬ ಡ್ರೈವರ್ ಸತ್ತಿದ್ದಕ್ಕೆ ಪ್ರಪಂಚದ ಎಲ್ಲ ರೇಸ್ ಕಾರಿನ ಆಕಾರವೇ ಬದಲಾಯ್ತು. ನಮ್ಮ ಹುಡುಗರು ಗುಂಡಿಯಲ್ಲಿ ಉಸಿರುಗಟ್ಟಿ ಸಾಯ್ತಾನೇ ಇದ್ರೂ ಗುಂಡಿಯ ಮುಚ್ಚಳ ಕೂಡ ಬದಲಾಗಲಿಲ್ಲ.

ಹಂಗಂತ ರೇಸ್ ಸ್ವರ್ಗ, ತೇರು ನರಕ ಅಂತ ನಾನು ಹೇಳ್ತಿಲ್ಲ. ನಮ್ಮ ಹುಡುಗ ಪೂಜೆ ಮಾಡೋ ಲೂಯಿಸ್ ಹ್ಯಾಮಿಲ್ಟನ್ ಕತೆ ಕೇಳಿ. ಫಾರ್ಮುಲಾ ಒನ್‌ನ ಮೊದಲ ಕಪ್ಪು ಡ್ರೈವರ್. ಬಂದಿದ್ದು 2007ರಲ್ಲಿ. ವಿಶ್ವ ಚಾಂಪಿಯನ್‌ಶಿಪ್ ಶುರುವಾಗಿದ್ದು 1950ರಲ್ಲಿ. ಅಂದ್ರೆ ಒಬ್ಬನೇ ಒಬ್ಬ ಕಪ್ಪು ಮನುಷ್ಯ ಆ ಸೀಟಿನಲ್ಲಿ ಕೂರೋಕೆ ಐವತ್ತೇಳು ವರ್ಷ ಬೇಕಾಯ್ತು. ಅವರಪ್ಪ ಎರಡು ಮೂರು ಕಡೆ ದುಡಿದು ಮಗನ ಕಾರ್ಟಿಂಗ್ ಖರ್ಚು ತೂಗಿಸಿದ. 2008ರಲ್ಲಿ ಬಾರ್ಸಿಲೋನಾದಲ್ಲಿ ಕೆಲವು ಪ್ರೇಕ್ಷಕರು ಮುಖಕ್ಕೆ ಕಪ್ಪು ಬಳಿದುಕೊಂಡು, "ಹ್ಯಾಮಿಲ್ಟನ್ ಕುಟುಂಬ" ಅಂತ ಅಂಗಿ ಹಾಕ್ಕೊಂಡು ಬಂದು ಗೇಲಿ ಮಾಡಿದ್ರು. ಅದೇ ವರ್ಷ ಅವನು ಚಾಂಪಿಯನ್ ಆದ. ಆಮೇಲೆ ಇನ್ನೂ ಆರು ಸಲ ಆದ.

2020ರಲ್ಲಿ, ಅಮೆರಿಕದಲ್ಲಿ ಪೊಲೀಸರ ಗುಂಡಿಗೆ ಸತ್ತ ಬ್ರಿಯಾನಾ ಟೇಲರ್ ಅನ್ನೋ ಕಪ್ಪು ಹೆಣ್ಣುಮಗಳ ಪರವಾಗಿ ಬರೆದ ಅಂಗಿ ಹಾಕ್ಕೊಂಡು ಅವನು ಪೋಡಿಯಂ ಹತ್ತಿದ. ಸಂಘಟಕರು ಮಾಡಿದ್ದೇನು? ಪೋಡಿಯಂ ಮೇಲೆ ರೇಸ್ ಉಡುಪೇ ಇರಬೇಕು ಅಂತ ನಿಯಮ ತಂದ್ರು. ನೋಡಿ, ನಿಯಮ ಬಾಯಿ ಮುಚ್ಚಿಸೋಕೂ ಬರುತ್ತೆ. ಅವನದೇ ಹೆಸರಿನ ಆಯೋಗ 2021ರಲ್ಲಿ ವರದಿ ಕೊಟ್ಟಿತು. ಫಾರ್ಮುಲಾ ಒನ್‌ನಲ್ಲಿ ಕೆಲಸ ಮಾಡೋರಲ್ಲಿ ಕಪ್ಪು ಜನ ಶೇಕಡಾ 1ಕ್ಕಿಂತ ಕಡಿಮೆ. ಗಾಲಿ ಬದಲಿಸೋ ಆ ಇಪ್ಪತ್ತು ಜನರ ಸಾಲಿನಲ್ಲೂ ಅವನ ಬಣ್ಣದವರನ್ನ ಹುಡುಕಬೇಕು. ವರ್ಣಭೇದ ನಡೀತಿದ್ದ ದಕ್ಷಿಣ ಆಫ್ರಿಕಾದಲ್ಲಿ 1985ರವರೆಗೂ ಇದೇ ಜನ ರೇಸ್ ಓಡಿಸಿದ್ರು. ಆ ವರ್ಷ ಎರಡು ಫ್ರೆಂಚ್ ತಂಡಗಳು ಬರಲ್ಲ ಅಂದವು. ಉಳಿದವರು ಹೋಗಿ ಓಡಿಸಿ, ದುಡ್ಡು ಎಣಿಸಿಕೊಂಡು ಬಂದ್ರು.

ಅಲ್ಲಿ ಬಾಗಿಲು ಕಾಯೋದು ದುಡ್ಡು. ಇಲ್ಲಿ ಬಾಗಿಲು ಕಾಯೋದು ಹುಟ್ಟು. ದುಡ್ಡಿನ ಬಾಗಿಲು ಎಷ್ಟೇ ಗಟ್ಟಿ ಇದ್ರೂ ಹ್ಯಾಮಿಲ್ಟನ್ ಅಪ್ಪನಂಥೋನು ಒಬ್ಬ ಹೆಗಲು ಕೊಟ್ಟು ಒಂದು ಸಂದು ಮಾಡಬಹುದು. ನಮ್ಮಪ್ಪ ಮೂವತ್ತು ವರ್ಷ ಅಲ್ಲ, ಮುನ್ನೂರು ವರ್ಷ ತಮಟೆ ಬಡಿದಿದ್ರೂ ಹಗ್ಗದ ತುದಿ ಸಿಗ್ತಿರಲಿಲ್ಲ. ಇನ್ನು ಈ ದೇಶದಲ್ಲಿ ದುಡ್ಡು ಯಾರ ಮನೇಲಿದೆ ಅಂತ ನೋಡಿದ್ರೆ, ಆ ದುಡ್ಡಿನ ಬಾಗಿಲ ಕೀಲಿಯೂ ಹುಟ್ಟಿನ ಕೈಯಲ್ಲೇ ಇದೆ.

ನಮ್ಮ ದೇಶದಲ್ಲೂ ಈ ರೇಸ್ ನಡೀತು, ನೆನಪಿದೆಯಾ? ದೆಹಲಿ ಪಕ್ಕದ ಗ್ರೇಟರ್ ನೋಯ್ಡಾದಲ್ಲಿ. ಜಿಲ್ಲೆಯ ಹೆಸರು ಗೌತಮ ಬುದ್ಧ ನಗರ, ಟ್ರ್ಯಾಕಿನ ಹೆಸರು ಬುದ್ಧ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 2011ರ ಅಕ್ಟೋಬರ್ 30ಕ್ಕೆ ಮೊದಲ ರೇಸ್. ಗೆದ್ದ ವೆಟೆಲ್‌ಗೆ ಟ್ರೋಫಿ ಕೊಟ್ಟಿದ್ದು ಆಗ ಉತ್ತರ ಪ್ರದೇಶದ ಮುಖ್ಯಮಂತ್ರಿಯಾಗಿದ್ದ ಮಾಯಾವತಿ. ಲೋಕದ ಸಾಹುಕಾರರೆಲ್ಲ ಸೇರಿದ್ದ ಆ ಜಾಗದಲ್ಲಿ, ಬುದ್ಧನ ಹೆಸರಿನ ಮೈದಾನದಲ್ಲಿ, ನಮ್ಮ ಬಹೆನ್‌ಜಿ ಕೈಯಿಂದ ಟ್ರೋಫಿ. ಟಿವಿಯಲ್ಲಿ ಅದನ್ನ ನೋಡಿ ನಮ್ಮಪ್ಪ, "ಆಯಮ್ಮ ನಮ್ಮೋರಾ?" ಅಂತ ಎರಡು ಸಲ ಕೇಳಿದ. ಹೂಂ ಕಣಪ್ಪ ಅಂದೆ. ಇಡೀ ರೇಸಿನಲ್ಲಿ ಅವನಿಗೆ ಅರ್ಥ ಆಗಿದ್ದು ಅಷ್ಟೇ, ಅಷ್ಟು ಸಾಕಾಗಿತ್ತು.

ಆದ್ರೆ ನಾನು ನೆನಪಿಟ್ಟುಕೊಂಡಿರೋದು ಇನ್ನೊಂದನ್ನ. ಅದೇ ತಿಂಗಳ 14ನೇ ತಾರೀಖು, ಅಂದ್ರೆ ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧಮ್ಮ ಸ್ವೀಕರಿಸಿದ ದಿನ, ಅದೇ ಜಿಲ್ಲೆಯ ನೋಯ್ಡಾದಲ್ಲಿ ಮಾಯಾವತಿ ದಲಿತ ಪ್ರೇರಣಾ ಸ್ಥಳ ಉದ್ಘಾಟಿಸಿದ್ರು. ಎರಡು ವಾರದ ಅಂತರ. ಒಂದೇ ಜಿಲ್ಲೆ, ಒಂದೇ ಮುಖ್ಯಮಂತ್ರಿ. ಟಿವಿಯವರಿಗೆ ಪ್ರತಿಮೆಗಳು ದುಂದುವೆಚ್ಚ ಆದವು, ರೇಸ್ ದೇಶದ ಹೆಮ್ಮೆ ಆಯ್ತು. ರೇಸ್ ಆಟವೋ ಮನರಂಜನೆಯೋ, ಮನರಂಜನಾ ತೆರಿಗೆ ಬಿಡಬೇಕೋ ಬೇಡವೋ ಅಂತ ಸುಪ್ರೀಂ ಕೋರ್ಟಿನವರೆಗೂ ಹೋಯ್ತು. ಬಡ ಸರ್ಕಾರ ಶ್ರೀಮಂತರ ಆಟಕ್ಕೆ ತೆರಿಗೆ ಬಿಟ್ಟಿದ್ದು ದುಂದು ಅಲ್ಲ, ಬುದ್ಧ ಬಾಬಾಸಾಹೇಬರನ್ನ ಕಲ್ಲಿನಲ್ಲಿ ನಿಲ್ಲಿಸಿದ್ದು ದುಂದು! ಮೂರು ವರ್ಷ ಓಡಿ, 2013ಕ್ಕೆ ಫಾರ್ಮುಲಾ ಒನ್ ಗಂಟುಮೂಟೆ ಕಟ್ತು. ಪ್ರೇರಣಾ ಸ್ಥಳ ಅಲ್ಲೇ ಇದೆ. ಟಿಕೆಟ್ಟಿಗೆ ಸಾವಿರಾರು ರೂಪಾಯಿ ಕೊಡಲಾಗದ ಜನ ಅಲ್ಲಿಗೆ ಮಕ್ಕಳನ್ನ ಕರ್ಕೊಂಡು ಹೋಗ್ತಾರೆ.

ಈಗ ಹಗ್ಗದ ವಿಷಯ.

ನಮ್ಮಲ್ಲೇ ಕೆಲವು ಹಿರಿಯ ಸಂಗಾತಿಗಳು ಬೇಜಾರು ಮಾಡ್ಕೊಂಡಿದ್ದಾರೆ. "ನಾವು ಬುದ್ಧನ ದಾರಿ ಹಿಡಿದೋರು, ಆ ಕಲ್ಲು ದೇವರ ತೇರಿನ ಹಗ್ಗ ನಮಗ್ಯಾಕಪ್ಪಾ" ಅಂತಾರೆ. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ನಾಸಿಕ್‌ಗೆ ಹೋಗಬೇಕು. 1930ರ ಮಾರ್ಚ್ 2ರಂದು ಬಾಬಾಸಾಹೇಬರ ಮುಂದಾಳತ್ವದಲ್ಲಿ ಕಾಳಾರಾಮ ದೇವಸ್ಥಾನದ ಸತ್ಯಾಗ್ರಹ ಶುರುವಾಯ್ತು. ತಿಂಗಳಾದ ಮೇಲೆ ರಾಮನವಮಿಯ ರಥೋತ್ಸವ ಬಂತು. ಸವರ್ಣರು, ನಮ್ಮವರು ಇಬ್ಬರೂ ಸೇರಿ ರಥ ಎಳೆಯೋದು ಅಂತ ರಾಜಿ ಆಗಿತ್ತು. ನಮ್ಮವರು ಹಗ್ಗಕ್ಕೆ ಕೈ ಹಾಕೋಕೆ ಮುಂಚೆಯೇ ಅವರು ರಥ ಎಳಕೊಂಡು ಓಡಿದ್ರು. ಕಲ್ಲು ತೂರಿದ್ರು. ಬಾಬಾಸಾಹೇಬರಿಗೂ ಪೆಟ್ಟಾಯ್ತು.

ನಮ್ಮ ಹುಡುಗನ ಮಾತು ನನ್ನನ್ನ ಕಾಡಿದ್ದು ಇದಕ್ಕೇ. ತೇರು ಮೆಲ್ಲಗೆ ಹೋಗುತ್ತೆ ಅಂತ ಯಾರು ಹೇಳಿದ್ದು? ನಮ್ಮ ಕೈ ಹತ್ತಿರ ಬಂದ್ರೆ ಅದು ರೇಸ್ ಕಾರಿಗಿಂತ ಜೋರಾಗಿ ಓಡುತ್ತೆ.

ಐದು ವರ್ಷ ಆ ಹೋರಾಟ ನಡೀತು. 1934ರಲ್ಲಿ ಬಾಬಾಸಾಹೇಬರು ನಾಸಿಕ್‌ನ ಹೋರಾಟ ನಡೆಸ್ತಿದ್ದ ಗಾಯಕವಾಡರಿಗೆ ಕಾಗದ ಬರೆದು, ನಮ್ಮ ಜನ ವಿಗ್ರಹ ಪೂಜೆ ಮಾಡಲಿ ಅಂತ ನಾನು ಇದನ್ನ ಶುರು ಮಾಡಲಿಲ್ಲ, ಅವರಿಗೆ ತಮ್ಮ ಸ್ಥಿತಿಯ ಅರಿವು ಬರಲಿ, ಹೋರಾಡೋ ಕಸುವು ಬರಲಿ ಅಂತ ಮಾಡಿದ್ದು ಅನ್ನೋ ಅರ್ಥದಲ್ಲಿ ತಿಳಿಸಿದ್ರು. 1935ರ ಅಕ್ಟೋಬರ್‌ನಲ್ಲಿ ಯೇವಲಾದಲ್ಲಿ, ಹಿಂದೂವಾಗಿ ಸಾಯಲ್ಲ ಅಂತ ಘೋಷಿಸಿದ್ರು. ಅಂದ್ರೆ ಹಗ್ಗ ಬಿಟ್ಟು ಹೋಗೋಕೂ ಮೊದಲು ಹಗ್ಗಕ್ಕೆ ಕೈ ಹಾಕಿದ್ರು. ಬೇಡ ಅನ್ನೋ ಹಕ್ಕು, ಬೇಕು ಅನ್ನೋ ಹಕ್ಕು ಇದ್ದೋನಿಗೆ ಮಾತ್ರ. ಹೊರಗೆ ನಿಲ್ಲಿಸಿದವನು ನಾನೇ ಒಳಗೆ ಬರಲಿಲ್ಲ ಅಂದ್ರೆ ಯಾರು ನಂಬ್ತಾರೆ?

ನನ್ನ ಮಟ್ಟಿಗೆ ಹಗ್ಗ ದೇವರದಲ್ಲ, ಬೀದಿಯದು. ತೇರುಬೀದಿ ಪಂಚಾಯ್ತಿ ರಸ್ತೆ. ಅದಕ್ಕೆ ಕಾಂಕ್ರೀಟ್ ಹಾಕಿದ್ದು ಎಲ್ಲರ ತೆರಿಗೆ ದುಡ್ಡಲ್ಲಿ, ಹಾಕಿದ ಕೂಲಿ ನಮ್ಮವರದೇ. ಸಂವಿಧಾನದ 15ನೇ ವಿಧಿ ಬಾವಿ, ಕೆರೆಯ ಜೊತೆಗೆ ರಸ್ತೆಯ ಹೆಸರನ್ನೂ ಹಿಡಿದು ಹೇಳುತ್ತೆ. ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಂದ ತಿದ್ದುಪಡಿ, ಮೆರವಣಿಗೆ ಮತ್ತು ಜಾತ್ರೆಯಲ್ಲಿ ಭಾಗವಹಿಸೋಕೆ ಅಡ್ಡಿ ಮಾಡೋದನ್ನ ಅಪರಾಧ ಅನ್ನುತ್ತೆ. ಜಾತ್ರೆ ಅನ್ನೋ ಪದವೇ ಅದರಲ್ಲಿದೆ. ಹುಡುಗರಿಗೆ ಅದನ್ನ ಓದಿಸಿದಾಗ ಅವರ ಮುಖ ನೋಡಬೇಕಿತ್ತು. ನಮ್ಮೂರ ಹೆಸರೇ ಪುಸ್ತಕದಲ್ಲಿ ಸಿಕ್ಕಂಗೆ.

ಹೋದ ವಾರ ಶಾಂತಿ ಸಭೆ ಆಯ್ತು. ಊರಿನ ದೊಡ್ಡೋರು ಹಗ್ಗ ಕೊಡಲ್ಲ ಅಂತ ಬಾಯಿಬಿಟ್ಟು ಹೇಳಲಿಲ್ಲ. ಕಾಲ ಬದಲಾಗಿದೆ, ಜಾಣರಾಗಿದ್ದಾರೆ. "ಗಲಾಟೆ ಯಾಕೆ, ಈ ವರ್ಷ ತೇರೇ ಬೇಡ" ಅಂದ್ರು. ಅಧಿಕಾರಿಗಳ ಮುಖ ಅರಳಿತು, ಅವರಿಗೂ ತಲೆನೋವು ತಪ್ಪಿತು. ತಮಿಳುನಾಡಿನ ಶಿವಗಂಗಾ ಜಿಲ್ಲೆಯ ಕಂಡದೇವಿಯಲ್ಲೂ ಹಿಂಗೇ ಆಯ್ತು. ದಲಿತರು ಹಗ್ಗದ ಹಕ್ಕು ಕೇಳಿದ್ದಕ್ಕೆ ಶುರುವಾದ ತಕರಾರು ಕೋರ್ಟು ಕಚೇರಿ ಸುತ್ತಿ, ತೇರು ಎಷ್ಟೋ ವರ್ಷ ನಿಂತೇ ಇತ್ತು. 2024ರಲ್ಲಿ ಪೊಲೀಸ್ ಕಾವಲಲ್ಲಿ ಮತ್ತೆ ಕದಲಿತು. ದೇವರು ಬೇಕಾದ್ರೆ ಬಿಸಿಲಲ್ಲಿ ಒಣಗಲಿ, ನಮ್ಮ ಕೈ ಮಾತ್ರ ತಾಗಬಾರದು! ಭಕ್ತಿ ಯಾವುದರ ಮೇಲೆ ಅಂತ ಅರ್ಥ ಮಾಡ್ಕೊಳ್ಳಿ.

ಸಭೆ ಮುಗಿಸಿ ಬರುವಾಗ ನಮ್ಮ ದೊಡ್ಡಪ್ಪನ ಮಗನಿಗೆ ಅವನು ಕೆಲಸ ಮಾಡೋ ತೋಟದ ಯಜಮಾನರು, "ಜಾತ್ರೆ ಮುಗಿಯೋವರೆಗೂ ಬರಬೇಡ" ಅಂದ್ರಂತೆ. ಅವನಿಗೆ ಮೂವರು ಮಕ್ಕಳು. ಬೆಂಗಳೂರಲ್ಲಿ ಕೂತು ಲೈಕ್ ಒತ್ತೋರಿಗೆ ಇದು ಗೊತ್ತಿರಲಿ. ಈ ಹಗ್ಗದ ಇನ್ನೊಂದು ತುದಿ ಅವನ ಮನೆಯ ಒಲೆಗೆ ಕಟ್ಟಿದೆ. ಅದಕ್ಕೇ ಹಟ್ಟಿಯ ಹಿರಿಯರು ಕೆಲವರು ಬೇಡ ಅಂತಿದ್ದಾರೆ. ಅವರನ್ನ ಹೇಡಿಗಳು ಅಂತ ಕರೆಯೋ ಹಕ್ಕು ನನಗಿಲ್ಲ, ನಿಮಗೂ ಇಲ್ಲ. ಅವರು 1980ರ ದಶಕದ ಬಹಿಷ್ಕಾರ ಕಂಡವರು. ಅಂಗಡಿಯಲ್ಲಿ ಉಪ್ಪು ಕೊಡದ ದಿನಗಳನ್ನ ಉಂಡವರು.

ಹಂಗಾಗಿ ಭವನದಲ್ಲಿ ಕೂತು ಮೂರು ತೀರ್ಮಾನ ಮಾಡಿದ್ವಿ. ಒಂದು, ತೇರು ನಿಲ್ಲಿಸೋದಕ್ಕೆ ನಾವು ಒಪ್ಪಲ್ಲ. ತೇರು ಹೊರಡಲಿ, ನಾವೂ ಹಿಡೀತೀವಿ, ಅದನ್ನ ಅಧಿಕಾರಿಗಳು ಬರವಣಿಗೆಯಲ್ಲಿ ಕೊಡಲಿ. ಎರಡು, ಹಗ್ಗ ಇಲ್ಲ ಅಂದ್ರೆ ತಮಟೆಯೂ ಇಲ್ಲ, ಕಸ ಗುಡಿಸೋದೂ ಇಲ್ಲ. ಬಡಿಯೋದೇ ಆದ್ರೆ ಬ್ಯಾಂಡ್‌ಸೆಟ್‌ನವರಿಗೆ ಕೊಡೋವಷ್ಟೇ ದುಡ್ಡು ಮುಂಗಡ ಕೊಡಲಿ. ಮೂರು, ಯಾರ ಕೂಲಿ ಹೋಗುತ್ತೋ ಅವರ ಮನೆಗೆ ಹಟ್ಟಿಯ ಸಂಘದಿಂದ ಎರಡು ತಿಂಗಳ ರೇಷನ್ನು. ಇದಕ್ಕೆ ಮೊದಲ ಚೀಲ ಅಕ್ಕಿ ಕೊಟ್ಟಿದ್ದು ಹಗ್ಗ ಬೇಡ ಅಂತ ವಾದ ಮಾಡಿದ ಹಿರಿಯರೇ.

ನಿಮ್ಮಿಂದ ಆಗಬೇಕಾದ್ದು ಇಷ್ಟು. ವಕೀಲರಿದ್ದರೆ ಆ ದಿನ ಫೋನ್ ತೆಗೀರಿ. ಪತ್ರಕರ್ತರಿದ್ದರೆ ಗಲಾಟೆ ಆದ ಮೇಲೆ ಬರಬೇಡಿ, ಮುಂಚೆ ಬನ್ನಿ. ಉಳಿದವರು ಅಕ್ಕಿ ಬೇಳೆ ವಿಚಾರಕ್ಕೆ ನನಗೆ ಮೆಸೇಜ್ ಮಾಡಿ, ಇದಕ್ಕೆ ಮಾತ್ರ ಇನ್‌ಬಾಕ್ಸಿಗೆ ಬರಬಹುದು. ಮಚ್ಚು ಕೊಡಲಿ ಮಾತಾಡೋರು ದಯವಿಟ್ಟು ದೂರ ಇರಿ. ನಮ್ಮ ಹುಡುಗರ ಮೇಲೆ ಒಂದು ಕೇಸು ಬಿದ್ರೂ ಅವರ ಓದು ನಿಲ್ಲುತ್ತೆ.

ತೇರು ಊರು ಸುತ್ತುತ್ತೆ ಅಂತಾರೆ. ನಾನು ಹುಟ್ಟಿದಾಗಿನಿಂದ ಅದು ನಮ್ಮ ಹಟ್ಟಿಯ ತಿರುವಿಗೆ ಬಂದು ಹಿಂದಕ್ಕೆ ಹೋಗಿದೆ. ತಿರುವಿನಿಂದ ನಮ್ಮ ಮೊದಲ ಮನೆಗೆ ಇನ್ನೂರು ಅಡಿ ಇರಬಹುದು. ಹಗ್ಗ ಕೈಗೆ ಬಂದ ಮೇಲೆ ಕೇಳಬೇಕಾದ ಮುಂದಿನ ಪ್ರಶ್ನೆ ಅದು.

ಜೈ ಭೀಮ್.